ಗುಡ್ಡದ ಹಿಂದಿನ ಮನೆಗೆ ಯಾವ ಇಂಟರ್ನೆಟ್? ದುರ್ಗ-ದಾವಣಗೆರೆ ಕಡೆಯವರಿಗೆ ಫೈಬರ್, ಏರ್‌ಫೈಬರ್, 4ಜಿ, ಉಪಗ್ರಹಗಳ ಹೋಲಿಕೆ

ದಾವಣಗೆರೆಯ ವಿದ್ಯಾನಗರದಲ್ಲೋ ಎಂಸಿಸಿ ಬ್ಲಾಕ್‌ನಲ್ಲೋ ಮನೆ ಇದ್ದವರಿಗೆ ಈ ಲೇಖನ ಅಷ್ಟೇನೂ ಬೇಕಾಗಿಲ್ಲ. ಅಲ್ಲಿ ಮನೆ ಮುಂದಿನ ಕಂಬದಲ್ಲೇ ಮೂರ್ನಾಲ್ಕು ಕಂಪನಿಯ ಫೈಬರ್ ಜೋತು ಬಿದ್ದಿರುತ್ತದೆ. ಯಾರು ಕಡಿಮೆ ದುಡ್ಡಿಗೆ ಕೊಡುತ್ತಾರೋ ಅವರದ್ದು ಹಾಕಿಸಿಕೊಂಡರೆ ಆಯಿತು. ಕಷ್ಟ ಇರುವುದು ಜಗಳೂರಿನ ಹಳ್ಳಿಗಳಲ್ಲಿ, ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ, ಹೊಸದುರ್ಗದ ಗುಡ್ಡಗಳ ಹಿಂದೆ, ಮೊಳಕಾಲ್ಮೂರಿನ ಆಂಧ್ರ ಗಡಿಯಲ್ಲಿ. ಹೈವೇ ಪಕ್ಕದ ಹಿರಿಯೂರಿನಲ್ಲಿ ಫೋನ್ ತುಂಬ ಐದು ಗೆರೆ ಸಿಗ್ನಲ್ ಇರುತ್ತದೆ. ಅಲ್ಲಿಂದ ಒಂದು ಗುಡ್ಡ ದಾಟಿದರೆ ಕರೆ ಮಾಡೋಕೂ ತಾರಸಿ ಹತ್ತಬೇಕು.

ಆಯ್ಕೆಗಳೇನೋ ಈಗ ಬೇಕಾದಷ್ಟಿವೆ. ಹಿಂದೆ ಹಳ್ಳಿಯಲ್ಲಿ ಇಂಟರ್ನೆಟ್ ಅಂದರೆ ಲ್ಯಾಂಡ್‌ಲೈನ್ ತಂತಿಯ ಬ್ರಾಡ್‌ಬ್ಯಾಂಡ್, ಇಲ್ಲವೇ ಒಂದು ಡಾಂಗಲ್. ಈಗ ಫೈಬರ್ ಇದೆ, ಏರ್‌ಫೈಬರ್ ಇದೆ, ಸಿಮ್ ಹಾಕುವ ರೂಟರ್ ಇದೆ, ಉಪಗ್ರಹವೂ ಬಾಗಿಲಿಗೆ ಬಂದಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2025ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 600 ಕೋಟಿ ಜನ ಇಂಟರ್ನೆಟ್ ಬಳಸುತ್ತಾರೆ, ಇನ್ನೂ 220 ಕೋಟಿ ಜನರಿಗೆ ಅದು ಇಲ್ಲ. ಆ 220 ಕೋಟಿ ಜನರನ್ನು ಮುಟ್ಟೋಕೆ ಬಲೂನು, ಸೌರ ವಿಮಾನ, ಬೆಳಕಿನ ಕಿರಣ, ಸಾವಿರಾರು ಉಪಗ್ರಹ ಅಂತ ಏನೇನೋ ಪ್ರಯತ್ನ ನಡೆದಿದೆ. ಇದರಲ್ಲಿ ನಮ್ಮ ಕಡೆಯ ಮನೆಗೆ ಆಗಿಬರೋದು ಯಾವುದು ಅನ್ನೋದಷ್ಟೇ ಇಲ್ಲಿನ ಪ್ರಶ್ನೆ.

ಜಾಹೀರಾತಿನಲ್ಲಿ ಹಾಕಿರುವ ಎಂಬಿಪಿಎಸ್ (ನೆಟ್ ವೇಗದ ಅಳತೆ) ನೋಡಿ ಆರಿಸಬೇಡಿ. ಮನೆಯಲ್ಲಿ ನಾಲ್ಕು ಜನ ವಿಡಿಯೋ ನೋಡಿ, ಒಬ್ಬರು ಆಫೀಸ್ ಮೀಟಿಂಗ್ ಮಾಡೋಕೆ 40-50 ಎಂಬಿಪಿಎಸ್ ಧಾರಾಳ ಸಾಕು. ಕೇಳಬೇಕಾದ್ದು ಎರಡೇ ಪ್ರಶ್ನೆ. ಕೊನೆಯ ಒಂದೆರಡು ಕಿಲೋಮೀಟರ್ ನೆಟ್ ಯಾವುದರ ಮೇಲೆ ಬರುತ್ತದೆ? ಕೆಟ್ಟರೆ ರಿಪೇರಿಗೆ ಬರುವವರು ಎಲ್ಲಿರುತ್ತಾರೆ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ನಿರ್ಧಾರ ಆದ ಹಾಗೆ.

ಕಂಬದ ತನಕ ಫೈಬರ್ ಬಂದಿದ್ದರೆ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಿಂದ ಮುನ್ನೂರು-ನಾನೂರು ಮೀಟರ್ ಒಳಗೆ ಫೈಬರ್ ಬಂದಿದ್ದರೆ ಬೇರೆ ಯಾವುದನ್ನೂ ನೋಡಬೇಡಿ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ, ಪಂಚಾಯಿತಿ ಕಟ್ಟಡದ ತನಕ ಬಂದಿರುವ ಫೈಬರ್ ವಿಚಾರಿಸದೆ ಆಕಾಶದ ಉಪಗ್ರಹಕ್ಕೆ ಎಷ್ಟಾಗುತ್ತೆ ಅಂತ ಕೇಳುವವರೇ ಜಾಸ್ತಿ.

ಫೈಬರ್ ಅಂದರೆ ಗಾಜಿನ ಎಳೆ. ಹೊರಗಿನ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರ ನಡುವಿನ ಸುಮಾರು 9 ಮೈಕ್ರಾನ್ ಜಾಗದಲ್ಲಿ. ಮನೆಗಳಿಗೆ ಕೊಡುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್ ಇಳಿದು ಬರುತ್ತದೆ. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗೆ ಹಂಚುತ್ತಾರೆ. ಹಂಚಿದರೂ ರಾತ್ರಿ ಎಂಟು ಗಂಟೆಗೆ ನೆಟ್ ತೆವಳುವುದು ಅಪರೂಪ. ಮಳೆಯಾಗಲಿ ಬಿಸಿಲಾಗಲಿ ಬೆಳಕಿಗೆ ಏನೂ ಆಗದು. ಅಪ್‌ಲೋಡ್ ಕೂಡ ಚೆನ್ನಾಗಿರುತ್ತದೆ. ಮೊಳಕಾಲ್ಮೂರಿನಲ್ಲಿ ನೇಯ್ದ ಸೀರೆಯ ವಿಡಿಯೋ ತೆಗೆದು ಬೆಂಗಳೂರಿನ ಅಂಗಡಿಗೆ ಕಳಿಸುವವರಿಗೆ ಡೌನ್‌ಲೋಡ್‌ಗಿಂತ ಇದೇ ಮುಖ್ಯ.

ಹಳ್ಳಿಗಳಿಗೆ ಇದು ಬರುವ ಮುಖ್ಯ ದಾರಿ ಭಾರತ್‌ನೆಟ್. 2011ರ ಅಕ್ಟೋಬರ್‌ನಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಪಡೆದು, 2015ರಲ್ಲಿ ಭಾರತ್‌ನೆಟ್ ಆಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಎಳೆಯುವುದು ಗುರಿ. ಮೊದಲ ಹಂತದಲ್ಲಿ ಒಂದು ದೊಡ್ಡ ತೊಡಕು ಉಳಿದುಕೊಂಡಿತು. ಕೇಬಲ್ಲನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಲಾಗಿ ಎಳೆದಿದ್ದರು. ನಡುವೆ ಒಂದು ಕಡೆ ತುಂಡಾದರೆ ಆಚೆಯ ಊರುಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸಾಲಿನ ಬದಲು ಉಂಗುರದ ಜೋಡಣೆ ಬಂತು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಸುತ್ತಿ ಬರುತ್ತದೆ. ಹಳ್ಳಿಗಳಲ್ಲಿ ಒಂದೂವರೆ ಕೋಟಿ ಮನೆ ಸಂಪರ್ಕದ ಗುರಿಯೂ ಇದೆ. ಪಂಚಾಯಿತಿಯಿಂದ ಮನೆಗೆ ಎಳೆದು ಕೊಡುವ ಕೆಲಸಕ್ಕೆ ಸ್ಥಳೀಯ ಉದ್ಯಮಿಗಳನ್ನು ಸೇರಿಸಿಕೊಂಡಿದ್ದಾರೆ. ಹಾಗಾಗಿ ನಿಮ್ಮೂರಿಗೆ ಫೈಬರ್ ಕೊಡುವವರು ಬಹಳ ಸಲ ಹಿಂದೆ ಕೇಬಲ್ ಟಿವಿ ಕೊಡುತ್ತಿದ್ದ ಹುಡುಗರೇ ಆಗಿರುತ್ತಾರೆ. ಇದು ಒಳ್ಳೆಯದೇ. ಬಾಗಿಲು ತಟ್ಟಿ ಕೇಳಬಹುದು.

ಫೈಬರಿನ ಶತ್ರು ಜೆಸಿಬಿ. ನಲ್ಲಿ ನೀರಿನ ಪೈಪಿಗೆ ಅಗೆಯುವಾಗ, ರಸ್ತೆ ಅಗಲ ಮಾಡುವಾಗ, ಹೊಲದ ಬದು ಸರಿಮಾಡುವಾಗ ಕೇಬಲ್ ಕಡಿದುಹೋಗುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕತೊಡಗಿದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡುತ್ತ ಕೂತರೆ ಪ್ರಯೋಜನ ಇಲ್ಲ, ಸೀದಾ ಫೋನ್ ಮಾಡಿ. ರಿಪೇರಿ ನೋಡಬೇಕಾದ ಕೆಲಸ. ಬೇವಿನ ಮರದ ನೆರಳಲ್ಲಿ ಕೂತು ಕೇಬಲಿನ ಕಪ್ಪು ಸಿಪ್ಪೆ ಸುಲಿಯುತ್ತಾರೆ. ಕಾಣದಷ್ಟು ಸಣ್ಣ ಎಳೆಯನ್ನು ಸ್ಪಿರಿಟ್ ಹಾಕಿ ಒರೆಸುತ್ತಾರೆ. ಕ್ಲೀವರ್‌ನಲ್ಲಿಟ್ಟು ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ. ಟಿಫಿನ್ ಡಬ್ಬಿ ಗಾತ್ರದ ಮೆಷಿನ್‌ನಲ್ಲಿ ಎರಡು ತುದಿಗಳನ್ನು ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ ಒಳಗೆ ಒಂದು ಕಿಡಿ. ಗಾಜು ಕರಗಿ ಕೂಡಿಕೊಳ್ಳುತ್ತದೆ. ಒಂದು ಎಳೆ ಕೂಡಿಸೋಕೆ ಕೆಲವೇ ಸೆಕೆಂಡು. ಆದರೆ ಆ ಮೆಷಿನ್ ಇರುವ ಹುಡುಗ ಪಕ್ಕದ ಊರಲ್ಲಿದ್ದಾನೋ, ದಾವಣಗೆರೆಯಿಂದ ಬರಬೇಕೋ? ನಿಮ್ಮ ನೆಟ್ ಸಂಜೆಗೆ ಬರುತ್ತೋ ನಾಲ್ಕು ದಿನಕ್ಕೆ ಬರುತ್ತೋ ಅನ್ನೋದು ನಿಂತಿರುವುದು ಅದರ ಮೇಲೆ. ಹಣ ಕಟ್ಟುವ ಮುಂಚೆ ಸುಮ್ನೆ ಕೇಳಿ: "ಸ್ಪ್ಲೈಸಿಂಗ್ ಮೆಷಿನ್ ಯಾರ ಹತ್ರ ಇದೆ?"

ಇನ್ನೊಂದು ಮಾತು. ಹಾಕಿ ಹೋಗುವಾಗ ಪವರ್ ರೀಡಿಂಗ್ ತೋರಿಸಲು ಹೇಳಿ. ಪವರ್ ಮೀಟರಿನಲ್ಲಿ ಮೈನಸ್ 20 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 27ಕ್ಕೆ ಹತ್ತಿರ ಇದ್ದರೆ ಇವತ್ತು ನಡೆಯುತ್ತದೆ, ಮುಂದೆ ಎಲ್ಲೋ ಒಂದು ಜಾಯಿಂಟ್ ಸಡಿಲಾದರೆ ನಿಲ್ಲುತ್ತದೆ. ಆಗ ಹಾಕಿದವನು "ನಿಮ್ಮ ರೂಟರ್ ಸರಿ ಇಲ್ಲ" ಅನ್ನುತ್ತಾನೆ.

ದರ ತಿಂಗಳಿಗೆ 400-500 ರೂಪಾಯಿ ಆಸುಪಾಸಿನಿಂದ ಶುರು, ಮೇಲೆ ಶೇ 18 ಜಿಎಸ್‌ಟಿ. ಅನ್‌ಲಿಮಿಟೆಡ್ ಅನ್ನುವ ಪ್ಲಾನ್‌ಗೂ ಮಿತಿ ಇರುತ್ತದೆ. ಫೈಬರ್‌ನಲ್ಲಿ ಅದು ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ. ಮನೆಮಂದಿಯೆಲ್ಲ ಸೇರಿ ನೋಡಿದರೂ ಅದು ಮುಗಿಯೋದು ಕಷ್ಟ.

ಏರ್‌ಫೈಬರ್: ಟವರ್ ಕಾಣಬೇಕು

ಹೆಸರಿನಲ್ಲಿ ಫೈಬರ್ ಇದ್ದರೂ ಇದು ರೇಡಿಯೋ. ತಾರಸಿ ಮೇಲೆ ಟವರಿನ 5ಜಿ ಸಿಗ್ನಲ್ ಹಿಡಿಯುವ ಒಂದು ಪೆಟ್ಟಿಗೆ, ಒಳಗೆ ಒಂದು ವೈಫೈ ಪೆಟ್ಟಿಗೆ, ನಡುವೆ ಒಂದು ವೈರ್. ಭಾರತದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಮುಂದಿನ ವರ್ಷ ಏರ್‌ಟೆಲ್ ಆಗಸ್ಟ್‌ನಲ್ಲಿ, ಜಿಯೋ ಗಣೇಶನ ಹಬ್ಬಕ್ಕೆ ಏರ್‌ಫೈಬರ್ ತಂದವು. ಕಂಬ, ಕೇಬಲ್ ಯಾವುದೂ ಬೇಡ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಹೊಸ ಬಡಾವಣೆಗಳಿಗೆ, ಬಾಡಿಗೆ ಮನೆಗಳಿಗೆ ಬಹಳ ಅನುಕೂಲ.

5ಜಿ ಹೆಚ್ಚಾಗಿ ನಡೆಯುವುದು 3.3 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ. ಈ ಅಲೆ ಜಾಸ್ತಿ ಡೇಟಾ ಹೊರುತ್ತದೆ, ಆದರೆ ಗೋಡೆ, ಗುಡ್ಡ, ಒದ್ದೆ ಎಲೆ ಎದುರು ಬೇಗ ಸೋಲುತ್ತದೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಪಟ್ಟಣಗಳಲ್ಲಿ, ಹೈವೇ ಉದ್ದಕ್ಕೂ ತೊಂದರೆ ಇಲ್ಲ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟದ ನಡುವಿನ ಮನೆಗೆ ಹಾಕಿಸುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಬೇಸಿಗೆಯಲ್ಲಿ ಚೆನ್ನಾಗಿ ಬಂದ ನೆಟ್ ಶ್ರಾವಣದಲ್ಲಿ ಮರಗಳೆಲ್ಲ ತೊಯ್ದು ನಿಂತಾಗ ಕುಸಿಯಬಹುದು. ತೋಟದವರು ಟ್ರಯಲ್ ನೋಡೋದಾದರೆ ಮಳೆಗಾಲದಲ್ಲೇ ನೋಡೋದು ವಾಸಿ.

ಟವರಿನ ಸಾಮರ್ಥ್ಯವನ್ನು ಊರಿನ ಎಲ್ಲ ಫೋನುಗಳ ಜೊತೆ ಹಂಚಿಕೊಳ್ಳಬೇಕು. ಹಾಗಾಗಿ ಸಂಜೆ ವೇಗ ಇಳಿಯುತ್ತದೆ. ಇದರ ಸಮಯದ ಹಂಚಿಕೆಯಲ್ಲಿ ಹೆಚ್ಚು ಪಾಲು ಡೌನ್‌ಲೋಡ್‌ಗೆ ಹೋಗುವುದರಿಂದ ಅಪ್‌ಲೋಡ್ ಕಡಿಮೆ. ತಿಂಗಳ ಮಿತಿ ಸಾಮಾನ್ಯವಾಗಿ 1,000 ಜಿಬಿ. ದರ ಸುಮಾರು 600 ರೂಪಾಯಿಯಿಂದ ಶುರು, ಜಿಎಸ್‌ಟಿ ಬೇರೆ. ಇಷ್ಟಾದರೂ ಕಂಬದಲ್ಲಿ ಫೈಬರ್ ಇಲ್ಲದ, ಟವರ್ ಕಣ್ಣಿಗೆ ಕಾಣುವ ಮನೆಗೆ ಇದೇ ಎರಡನೇ ಆಯ್ಕೆ.

4ಜಿ ರೂಟರ್: ಬಡವರ ಬ್ರಾಡ್‌ಬ್ಯಾಂಡ್

ಇದನ್ನು ಯಾರೂ ಜಾಹೀರಾತು ಮಾಡಲ್ಲ. ಆದರೂ ತೋಟದ ಮನೆಗಳಿಗೆ ಎಷ್ಟೋ ಸಲ ಇದೇ ಸಾಕು. ಸಿಮ್ ಹಾಕುವ ಒಂದು ರೂಟರ್, ತಾರಸಿ ಮೇಲೆ ಎತ್ತರದ ಪೈಪಿಗೆ ಕಟ್ಟಿದ ಹೊರಗಿನ ಆಂಟೆನಾ. ಫೋನಿನಲ್ಲಿ ಒಂದೇ ಗೆರೆ ಇದ್ದ ಜಾಗದಲ್ಲೂ ಆಂಟೆನಾ ಎತ್ತರಕ್ಕೆ ಹೋದರೆ ವಿಡಿಯೋ ಕರೆ ಮಾಡುವಷ್ಟು ಬರಬಹುದು.

ಖರೀದಿಗೆ ಮುಂಚೆ ಅಳೆದು ನೋಡಿ, ಖರ್ಚೇನೂ ಇಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಮಾಹಿತಿ, ಅದರೊಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಎಷ್ಟು ಡಿಬಿಎಂ ಅಂತ ಕಾಣುತ್ತದೆ. ಮೈನಸ್ 90 ಇದ್ದರೆ, ಅಥವಾ ಮೈನಸ್ 80ರ ಹಾಗೆ ಸೊನ್ನೆಗೆ ಇನ್ನೂ ಹತ್ತಿರದ ಅಂಕಿ ಇದ್ದರೆ ಬಹಳ ಚೆನ್ನಾಗಿದೆ. ಮೈನಸ್ 105ರ ತನಕ ಪರವಾಗಿಲ್ಲ. ಮೈನಸ್ 110 ದಾಟಿದರೆ ಆಂಟೆನಾ ಬೇಕೇ ಬೇಕು. ಮೈನಸ್ 120ರ ಹತ್ತಿರ ಇದ್ದರೆ ದುಡ್ಡು ಹಾಕಬೇಡಿ. ಅಂಗಳದಲ್ಲಿ ಒಂದು ಸಲ, ತಾರಸಿ ಮೇಲೆ ಒಂದು ಸಲ, ನೀರಿನ ಟ್ಯಾಂಕ್ ಪಕ್ಕ ನಿಂತು ಒಂದು ಸಲ ನೋಡಿ. ಅಕ್ಕಪಕ್ಕದವರ ಹತ್ತಿರ ಇರುವ ಬೇರೆ ಬೇರೆ ಕಂಪನಿಯ ಸಿಮ್‌ಗಳನ್ನೂ ಹಾಗೇ ನೋಡಿ. ಹತ್ತಡಿ ಎತ್ತರಕ್ಕೆ ಹತ್ತು ಡಿಬಿಎಂ ವ್ಯತ್ಯಾಸ ಬಂದರೆ ಆಶ್ಚರ್ಯ ಪಡಬೇಡಿ. ಡಿಬಿಎಂ ಲೆಕ್ಕದಲ್ಲಿ ಹತ್ತು ಅಂದರೆ ಶಕ್ತಿ ಹತ್ತು ಪಟ್ಟು.

ಬಿಎಸ್‌ಎನ್‌ಎಲ್ ಸಿಮ್ಮನ್ನು ಈಗ ಮತ್ತೆ ಪರೀಕ್ಷೆ ಮಾಡಬೇಕು. 2025ರ ಸೆಪ್ಟೆಂಬರ್ 27ರಂದು ಅದರ ಸ್ವದೇಶಿ 4ಜಿ ಜಾಲ 97,500ಕ್ಕೂ ಹೆಚ್ಚು ಟವರುಗಳೊಂದಿಗೆ ಲೋಕಾರ್ಪಣೆ ಆಯಿತು. ರೇಡಿಯೋ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಜಾಲವನ್ನು ನಡೆಸುವ ನಡುವಿನ ಕೋರ್ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡಾಟ್‌ನದು, ಜೋಡಿಸಿದ್ದು ಟಿಸಿಎಸ್. 4ಜಿ ಇಲ್ಲದ ಹಳ್ಳಿಗಳಿಗೇ ಅಂತ ಹಾಕಿದ ಟವರುಗಳೂ ಇದರಲ್ಲಿವೆ. ಎರಡು ವರ್ಷದ ಹಿಂದೆ "ಅದು ಬರಲ್ಲ ಬಿಡ್ರಿ" ಅಂದಿದ್ದ ಜಾಗದಲ್ಲಿ ಈಗ ಬರುತ್ತಿರಬಹುದು.

ಒಂದು ಎಚ್ಚರಿಕೆ. ಆಂಟೆನಾ ಬೇರೆ, ಸಿಗ್ನಲ್ ಬೂಸ್ಟರ್ ಬೇರೆ. ಸಂತೆಯಲ್ಲಿ, ಆನ್‌ಲೈನಿನಲ್ಲಿ ಮಾರುವ ಬೂಸ್ಟರ್‌ಗಳನ್ನು ಅನುಮತಿ ಇಲ್ಲದೆ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಅವು ಸುತ್ತಲ ಮನೆಯವರ ಸಿಗ್ನಲ್ಲನ್ನೂ ಕೆಡಿಸುತ್ತವೆ.

ಉಪಗ್ರಹ: ಬಯಲುಸೀಮೆಗೆ ಹೊಂದುತ್ತೆ, ಜೇಬಿಗೆ?

ಎಲ್ಲರೂ ಕೇಳೋದು ಇಲಾನ್ ಮಸ್ಕ್ ಕಂಪನಿಯ ಉಪಗ್ರಹ ಇಂಟರ್ನೆಟ್ ಸ್ಟಾರ್‌ಲಿಂಕ್ ಬಗ್ಗೆ. ಮೊದಲು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಗೊತ್ತಿರಲಿ. ಹಳೆಯ ಮಾದರಿಯ ಉಪಗ್ರಹ ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ನೀವು ಕೇಳಿದ ಪುಟ ಬರೋಕೆ ಸಿಗ್ನಲ್ ಮೇಲೆ ಹೋಗಿ ಇಳಿದು, ಉತ್ತರ ಹೊತ್ತು ಮತ್ತೆ ಮೇಲೆ ಹೋಗಿ ಇಳಿಯಬೇಕು. ಬೆಳಕಿನ ವೇಗದಲ್ಲೇ ಹೋದರೂ ಸುಮಾರು ಅರ್ಧ ಸೆಕೆಂಡು. ಮಾತಾಡುವಾಗ ಇಬ್ಬರೂ ಒಟ್ಟಿಗೆ "ಹಲೋ" ಅಂದು ಒಟ್ಟಿಗೆ ಸುಮ್ಮನಾಗುವುದು ಇದರಿಂದಲೇ. ಇಸ್ರೋದ ಜಿಸ್ಯಾಟ್-11, ಜಿಸ್ಯಾಟ್-29 ಬಳಸಿ ಹ್ಯೂಸ್ ಕಂಪನಿ 2022ರಿಂದ ಕೊಡುತ್ತಿರುವ ಸೇವೆ ಈ ಬಗೆಯದು. ಬ್ಯಾಂಕ್, ಎಟಿಎಂ, ಪೆಟ್ರೋಲ್ ಬಂಕ್‌ಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಮನೆಗೆ ಅಷ್ಟಾಗಿ ಅಲ್ಲ.

ಸ್ಟಾರ್‌ಲಿಂಕ್ ಉಪಗ್ರಹಗಳು ಹೆಚ್ಚಾಗಿ ಓಡುವುದು ಸುಮಾರು 480ರಿಂದ 550 ಕಿಲೋಮೀಟರ್ ಎತ್ತರದಲ್ಲಿ. ಹಾಗಾಗಿ ವಿಳಂಬ 25ರಿಂದ 60 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ. ಮೀಟಿಂಗ್, ಆನ್‌ಲೈನ್ ಕ್ಲಾಸ್ ಎಲ್ಲ ಆರಾಮ. ಆದರೆ ಅಷ್ಟು ಕೆಳಗಿರುವ ಉಪಗ್ರಹ ನಿಮ್ಮ ಮನೆ ಮೇಲೆ ನಿಲ್ಲಲ್ಲ, ಕೆಲವೇ ನಿಮಿಷದಲ್ಲಿ ದಾಟಿಹೋಗುತ್ತದೆ. ಅದಕ್ಕೇ ಸಾವಿರಾರು ಉಪಗ್ರಹ ಬೇಕು. ತಾರಸಿ ಮೇಲಿನ ತಟ್ಟೆ (ಡಿಶ್ ಆಂಟೆನಾ) ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು. ಭಾರ್ತಿ ಪಾಲುದಾರಿಕೆಯ ಒನ್‌ವೆಬ್ ಸುಮಾರು 1,200 ಕಿಲೋಮೀಟರ್ ಎತ್ತರದಲ್ಲಿದೆ. ಅದರ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಮೇಲೆ ಕಳಿಸಿದ್ದು ನಮ್ಮ ಇಸ್ರೋ. ಆದರೆ ಅದು ಮುಖ್ಯವಾಗಿ ಕಂಪನಿ, ಸರ್ಕಾರ, ಸೇನೆಗೆ ಮಾರುತ್ತದೆ, ಮನೆಗಳಿಗಲ್ಲ.

ಸ್ಟಾರ್‌ಲಿಂಕ್‌ಗೆ ಭಾರತದ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಕೇಂದ್ರದ ಬಾಹ್ಯಾಕಾಶ ನಿಯಂತ್ರಣ ಸಂಸ್ಥೆ ಇನ್-ಸ್ಪೇಸ್‌ನ ಅನುಮತಿ ಜುಲೈನಲ್ಲಿ. ಏರ್‌ಟೆಲ್, ಜಿಯೋ ಎರಡೂ ಅದಕ್ಕೂ ಮುಂಚೆ ಮಾರ್ಚ್‌ನಲ್ಲೇ ಅದರ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ದರದ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳನ್ನು ನಂಬಬೇಡಿ, ಯಾರಿಗೂ ಮುಂಗಡ ಕೊಡಬೇಡಿ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿದಾಗ ಆರ್ಡರ್ ತೆಗೆದುಕೊಂಡರೆ ಮಾತ್ರ ಅದು ನಿಜ.

ನಮ್ಮ ಕಡೆ ಇದು ಹೊಂದುವುದಕ್ಕೆ ಒಂದು ಒಳ್ಳೆಯ ಕಾರಣ ಇದೆ. ತಟ್ಟೆಗೆ ಬೇಕಾದ್ದು ಬಿಚ್ಚು ಆಕಾಶ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಅದಕ್ಕೇನೂ ಬರ ಇಲ್ಲ. ಮಳೆ ಜೋರಾದಾಗ ಈ ಅಲೆಗಳು ಕುಗ್ಗುತ್ತವೆ, ಆದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ನಮ್ಮವೂ ಸೇರಿವೆ. ಇದೊಂದು ವಿಷಯದಲ್ಲಿ ಮಳೆ ಬಾರದ್ದು ಲಾಭ ಅನ್ನಬೇಕು! ಅದೇ ಅಡಿಕೆ, ತೆಂಗಿನ ತೋಟದ ನಡುವೆ ತಟ್ಟೆ ಇಟ್ಟರೆ ಪ್ರತಿ ಮರವೂ ಕ್ಷಣಕ್ಷಣ ಅಡ್ಡ. ಮೀಟಿಂಗ್ ನಡುವೆ ಒಂದೆರಡು ಸೆಕೆಂಡು ಕಡಿದು ಕಡಿದು ಹೋಗುತ್ತದೆ. ತೋಟದಲ್ಲಾದರೆ ಮರಕ್ಕಿಂತ ಎತ್ತರದ ಕಂಬ ಬೇಕು, ಅದಕ್ಕೆ ಖರ್ಚು ಬೇರೆ.

ಕರೆಂಟಿನ ಲೆಕ್ಕವನ್ನು ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ಸಾಮಾನ್ಯ ಸ್ಟಾರ್‌ಲಿಂಕ್ ಸೆಟ್ 75ರಿಂದ 100 ವ್ಯಾಟ್ ಎಳೆಯುತ್ತದೆ. 75 ವ್ಯಾಟ್ ಅಂತಲೇ ಇಟ್ಟುಕೊಳ್ಳಿ, ಹಗಲೂ ರಾತ್ರಿ ಆನ್ ಇದ್ದರೆ ತಿಂಗಳಿಗೆ 54 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ. ಅದನ್ನು ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಅಂದರೆ ನೆಟ್‌ನಿಂದಾಗಿ ಕರೆಂಟ್ ಬಿಲ್ ಕೂಡ ಏರಬಹುದು, ಅಲ್ವಾ? ಕರೆಂಟ್ ಹೋದಾಗ ಇನ್ವರ್ಟರ್ ಮೇಲೂ ಭಾರ. ಫೈಬರಿನ ಪೆಟ್ಟಿಗೆಗೆ ಹತ್ತು-ಹದಿನೈದು ವ್ಯಾಟ್ ಸಾಕು. ರೂಟರಿಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್ ಹಾಕಿದರೆ ಕೆಲವು ಗಂಟೆ ನಡೆಯುತ್ತದೆ.

ಇನ್ನು ಸಾಮರ್ಥ್ಯ. ಉಪಗ್ರಹದ ಒಂದು ಕಿರಣ ಅಗಲವಾದ ಪ್ರದೇಶಕ್ಕೆ ಬೀಳುತ್ತದೆ, ಅದರೊಳಗಿನ ಎಲ್ಲರೂ ಹಂಚಿಕೊಳ್ಳಬೇಕು. 2024ರ ನವೆಂಬರ್‌ನಲ್ಲಿ ಕೀನ್ಯಾದ ನೈರೋಬಿ, ನೈಜೀರಿಯಾದ ಲಾಗೋಸ್ ಸುತ್ತ ಸ್ಟಾರ್‌ಲಿಂಕ್ ಹೊಸ ಗ್ರಾಹಕರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು, ಜಾಗ ತುಂಬಿಹೋಗಿತ್ತು. ಭಾರತದಲ್ಲಿ ಅದಕ್ಕೆ 20 ಲಕ್ಷ ಗ್ರಾಹಕರ ಮಿತಿ ಇರುತ್ತದೆ ಅಂತ ಕೇಂದ್ರ ಸಂಪರ್ಕ ರಾಜ್ಯ ಸಚಿವ ಪೆಮ್ಮಸಾನಿ ಚಂದ್ರಶೇಖರ್ 2025ರ ಜುಲೈನಲ್ಲಿ ಹೇಳಿದ್ದರು. 140 ಕೋಟಿ ಜನರ ದೇಶಕ್ಕೆ ಇದು ಏನೂ ಅಲ್ಲ. ಹಾಗಾಗಿ ಉಪಗ್ರಹ ಬಂದು ಹಳ್ಳಿಹಳ್ಳಿಯ ಸಮಸ್ಯೆ ತೀರುತ್ತದೆ ಅನ್ನುವ ಮಾತನ್ನು ನಾನು ನಂಬಲ್ಲ. ಏನೂ ಇಲ್ಲದ ಕಡೆ ಅದಕ್ಕೆ ಸಾಟಿ ಇಲ್ಲ, ಅದು ನಿಜ. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದು ಟೋಂಗಾ ದ್ವೀಪದ ಸಮುದ್ರದಡಿಯ ಕೇಬಲ್ ಕಡಿದುಹೋದಾಗ ರಿಪೇರಿಗೆ ಸುಮಾರು ಐದು ವಾರ ಬೇಕಾಯಿತು. ಅಷ್ಟು ದಿನ ಆ ದೇಶ ಹೊರಗಿನವರ ಜೊತೆ ಮಾತಾಡಿದ್ದು ಉಪಗ್ರಹದ ಮೂಲಕವೇ.

ಸುದ್ದಿಯಲ್ಲಿ ಇವೆ, ಅಂಗಡಿಯಲ್ಲಿಲ್ಲ

ಇವುಗಳಿಗಾಗಿ ಕಾಯಬೇಡಿ, ಆದರೆ ಗೊತ್ತಿರಲಿ. ಗೂಗಲ್‌ನ ಮಾತೃಸಂಸ್ಥೆ ಬಲೂನುಗಳಿಂದ ನೆಟ್ ಕೊಡಲು ಲೂನ್ ಯೋಜನೆ ನಡೆಸಿ, ಕೀನ್ಯಾದಲ್ಲಿ ಸೇವೆಯನ್ನೂ ಶುರುಮಾಡಿ, 2021ರ ಜನವರಿಯಲ್ಲಿ ಕೈಬಿಟ್ಟಿತು. ದುಡ್ಡಿನ ಲೆಕ್ಕ ಹೊಂದಲಿಲ್ಲ. ಫೇಸ್‌ಬುಕ್ ತನ್ನ ಸೌರ ವಿಮಾನವನ್ನು 2018ರಲ್ಲೇ ನಿಲ್ಲಿಸಿತ್ತು. ಲೂನ್‌ನಲ್ಲಿ ಬಲೂನಿನಿಂದ ಬಲೂನಿಗೆ ಬೆಳಕಿನಲ್ಲಿ ಮಾತಾಡಿಸಲು ಮಾಡಿದ ತಂತ್ರ ಮಾತ್ರ ಉಳಿಯಿತು. ಅದೇ ಈಗಿನ ತಾರಾ: ಎರಡು ಎತ್ತರದ ಜಾಗದ ನಡುವೆ ಕೇಬಲ್ ಇಲ್ಲದೆ ಬೆಳಕಿನ ಕಿರಣದಲ್ಲಿ 20 ಕಿಲೋಮೀಟರ್ ತನಕ 20 ಜಿಬಿಪಿಎಸ್. ಆಫ್ರಿಕಾದ ಕಾಂಗೋ ನದಿಯ ಆಚೀಚೆ ಇರುವ ಎರಡು ರಾಜಧಾನಿಗಳನ್ನು ಇದರಲ್ಲಿ ಜೋಡಿಸಿದ್ದಾರೆ. ಮಂಜು ಕವಿದರೆ ಇದು ನಿಲ್ಲುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಬೆಳಗಿನ ಜಾವ ನಿಂತವರಿಗೆ ಮಂಜು ಅಂದರೇನು ಅಂತ ಹೇಳಬೇಕಿಲ್ಲ. ಇದು ಕಂಪನಿಗಳು ಟವರಿಗೆ ಟವರ್ ಜೋಡಿಸಲು ಬಳಸುವಂಥದ್ದು, ಮನೆಗೆ ಬರುವಂಥದ್ದಲ್ಲ.

ನಮ್ಮ ಜಿಲ್ಲೆಗೆ ಹತ್ತಿರದ ಸುದ್ದಿ ಇನ್ನೊಂದು. ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 2024ರ ಆರಂಭದಲ್ಲಿ ಒಂದು ಸೌರ ವಿಮಾನ ಹಾರಿಸಿತು. ರೆಕ್ಕೆಯ ಅಗಲ ಸುಮಾರು 12 ಮೀಟರ್, ತೂಕ ಮಾತ್ರ ಒಂದು ಸಿಮೆಂಟ್ ಚೀಲದ ಅರ್ಧದಷ್ಟು. ಮುಂದೆ ಇದರ ದೊಡ್ಡ ರೂಪ 20 ಕಿಲೋಮೀಟರ್ ಎತ್ತರದಲ್ಲಿ ತಿಂಗಳುಗಟ್ಟಲೆ ಸುತ್ತುತ್ತ ಟವರಿನ ಹಾಗೆ ಕೆಲಸ ಮಾಡಬೇಕು ಅನ್ನೋದು ಗುರಿ. ಏರ್‌ಬಸ್‌ನ ಜೆಫಿರ್ 2022ರಲ್ಲಿ ಇಳಿಯದೆ 64 ದಿನ ಹಾರಿದೆ, ಹಾಗಾಗಿ ಆಗದ ಮಾತೇನಲ್ಲ. ಫೋನಿಗೇ ನೇರವಾಗಿ ಸಿಗ್ನಲ್ ಕೊಡುವ ಉಪಗ್ರಹಗಳೂ ಬರುತ್ತಿವೆ. 2025ರ ಡಿಸೆಂಬರ್ 24ರಂದು ಶ್ರೀಹರಿಕೋಟಾದಿಂದ ಇಸ್ರೋ ಹಾರಿಸಿದ ಆರು ಟನ್ನಿನ ಬ್ಲೂಬರ್ಡ್ ಅಂಥದ್ದೇ. ಅದು ಸಿನಿಮಾ ನೋಡೋಕಲ್ಲ, ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಪೂರ್ತಿ ಸಾಯದಿರೋಕೆ ಅಂತ ತಿಳಿದುಕೊಂಡರೆ ನಿರಾಶೆ ಆಗಲ್ಲ.

ಒಬ್ಬೊಬ್ಬರೇ ಬೇಡ ಅನ್ನಿಸಿದರೆ

ಹತ್ತು ಮನೆಯವರು ಸೇರಿದರೆ ಲೆಕ್ಕವೇ ಬದಲಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಬರಲ್ಲ ಅಂದಾಗ, ರೈತರೇ ತಮ್ಮ ಹೊಲದಲ್ಲಿ ಚರಂಡಿ ತೋಡಿ ಫೈಬರ್ ಹೂತರು. 2011ರಲ್ಲಿ ಶುರುವಾದ ಆ ಬಿ4ಆರ್‌ಎನ್ ಸಂಘ ಈಗ ಮನೆಮನೆಗೆ ಒಂದು ಜಿಬಿಪಿಎಸ್ ಕೊಡುತ್ತದೆ. ಕೇಬಲಿನಲ್ಲಿ ಖರ್ಚು ಜಾಸ್ತಿ ಬರೋದು ಅಗೆತಕ್ಕೆ, ಗಾಜಿಗಲ್ಲ. ಬೋರ್‌ವೆಲ್‌ನಿಂದ ತೋಟಕ್ಕೆ ಪೈಪ್‌ಲೈನ್ ಹೂಳುವಾಗ ಅದೇ ಕಾಲುವೆಯಲ್ಲಿ ಒಂದು ಖಾಲಿ ಪಿವಿಸಿ ಪೈಪ್ ಹಾಕಿಟ್ಟರೆ ನಾಳೆ ಫೈಬರ್ ಎಳೆಯುವವನು ಕುಂಟುನೆಪ ಹೇಳಲ್ಲ. ಪಕ್ಕದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಹತ್ತಿರ ಜನಸ್ತು ಸಂಸ್ಥೆಯವರು ಹಳ್ಳಿಯವರ ಜೊತೆ ಸೇರಿ ಸಣ್ಣ ವೈಫೈ ಜಾಲ ಕಟ್ಟಿದ್ದಾರೆ, ನೋಡಿ ಬರಬಹುದು.

ಕಿರಾಣಿ ಅಂಗಡಿ, ಹೋಟೆಲ್ ಇಟ್ಟವರಿಗೆ ಪಿಎಂ-ವಾಣಿ ಇದೆ. 2020ರ ಡಿಸೆಂಬರ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಅಂಗಡಿಯವರು ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ವೈಫೈ ಮಾರಬಹುದು, ಹಳೆಯ ಎಸ್‌ಟಿಡಿ ಬೂತ್ ಇದ್ದ ಹಾಗೆ. ಅಂಥ ಅಂಗಡಿಗೆ 200 ಎಂಬಿಪಿಎಸ್ ತನಕದ ಫೈಬರ್ ಪ್ಲಾನ್‌ಗೆ ಮನೆ ದರದ ಎರಡು ಪಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಜೂನ್‌ನಲ್ಲಿ ಆದೇಶ ಮಾಡಿದೆ. ದಿನಕ್ಕೆ ಹತ್ತಿಪ್ಪತ್ತು ಓದುವ ಹುಡುಗರು ಬರುವ ಊರಾದರೆ ನಡೆಯುತ್ತದೆ. ಎಲ್ಲರ ಕೈಯಲ್ಲೂ ಡೇಟಾ ಪ್ಯಾಕ್ ಇರುವ ಊರಲ್ಲಿ ಗಿಟ್ಟುವುದಿಲ್ಲ.

ಯಾರಿಗೆ ಯಾವುದು

ಜಗಳೂರಿನ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಒಂದೇ ಸಂಪರ್ಕ ನಂಬಬೇಡಿ. ಫೈಬರ್ ಮುಖ್ಯ, ಬೇರೆ ಕಂಪನಿಯ 4ಜಿ ಸಿಮ್ ಬೆನ್ನಿಗೆ. ಎರಡನ್ನೂ ಹಿಡಿದು ತಾನಾಗಿ ಬದಲಾಯಿಸಿಕೊಳ್ಳುವ ರೂಟರ್ ಸಿಗುತ್ತದೆ. ಫೈಬರ್ ಕಡಿದರೂ ಮೀಟಿಂಗ್ ನಿಲ್ಲಲ್ಲ. ಫೈಬರ್ ಬಾರದ ಊರಾದರೆ, ಕಂಪನಿ ಖರ್ಚು ಕೊಡುವುದಾದರೆ ಉಪಗ್ರಹ ಕೇಳಿ.

ಎಪಿಎಂಸಿ ರೇಟು, ಹವಾಮಾನ, ವಾಟ್ಸಾಪ್, ಮಕ್ಕಳ ಪಾಠ, ಇಷ್ಟಕ್ಕೇ ಆದರೆ ತೋಟದ ಮನೆಗೆ 4ಜಿ ರೂಟರ್, ಆಂಟೆನಾ ಸಾಕು. ಸಿಸಿ ಕ್ಯಾಮೆರಾ ಹಾಕಿಸುವವರು ನೆನಪಿಡಿ, ಅದು ಹಗಲೂ ರಾತ್ರಿ ಅಪ್‌ಲೋಡ್ ತಿನ್ನುತ್ತದೆ. ಚಲನೆ ಕಂಡಾಗ ಮಾತ್ರ ಕಳಿಸುವ ಹಾಗೆ ಸೆಟ್ ಮಾಡಿಸಿ.

ಬಾಡಿಗೆ ಮನೆಯವರಿಗೆ, ಕಾಲೇಜು ಹುಡುಗರಿಗೆ ಏರ್‌ಫೈಬರ್, ಮನೆ ಬದಲಾಯಿಸಿದರೂ ಮುಂದಿನ ಬೀದಿಗೆ ಒಯ್ಯಬಹುದು. ಹೊಸ ವಿಳಾಸದಲ್ಲಿ ಸಿಗುತ್ತೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಶಾಲೆಗಳವರು ಮೊದಲು ಪಂಚಾಯಿತಿಗೆ ಹೋಗಿ ಭಾರತ್‌ನೆಟ್ ಪೆಟ್ಟಿಗೆ ಆನ್ ಇದೆಯೇ ನೋಡಿ. ಎಷ್ಟೋ ಕಡೆ ಪೆಟ್ಟಿಗೆ ಇದೆ, ಪ್ಲಗ್ ಕಿತ್ತಿಟ್ಟಿರುತ್ತಾರೆ.

ತಾರಸಿ ಮೇಲೆ ಏನೇ ಹಾಕಿಸಿದರೂ, ಆಂಟೆನಾ ಆಗಲಿ ತಟ್ಟೆ ಆಗಲಿ, ಅರ್ತಿಂಗ್ ಮಾಡಿಸಿ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನಲ್ಲಿ ತಾಮ್ರದ ವೈರ್ ಹಿಡಿದು ಬಂದ ಕರೆಂಟ್ ರೂಟರ್ ಜೊತೆ ಟಿವಿಯನ್ನೂ ಸುಡುತ್ತದೆ. ಆರು ತಿಂಗಳಿನ, ವರ್ಷದ ಪ್ಲಾನ್‌ಗೆ ರಿಯಾಯಿತಿ ಕೊಡುತ್ತೇವೆ ಅಂದರೂ ಮೊದಲ ತಿಂಗಳು ಮಾತ್ರ ಕಟ್ಟಿ. ಆ ತಿಂಗಳಲ್ಲಿ ಒಂದು ಸಲವಾದರೂ ಕೆಡುತ್ತದೆ, ದೂರು ಕೊಟ್ಟ ಮೇಲೆ ಬರೋಕೆ ಎಷ್ಟು ಹೊತ್ತಾಯಿತು ನೋಡಿಕೊಂಡು ಆಮೇಲೆ ವರ್ಷದ್ದು ಕಟ್ಟಿ.